ಗದ್ದೆಯ ಕಪ್ಪೆ ಸುಮ್ಮನಾದರೆ...

ಮಳೆ ಬಿದ್ದ ರಾತ್ರಿ ಕಪ್ಪೆಗಳ ವಟವಟ ಸದ್ದಿಗೆ ನಿದ್ದೆ ಕೆಟ್ಟದ್ದು ನಿಮಗೆ ನೆನಪಿದೆಯೇ? ನಿಮ್ಮೂರಲ್ಲಿ ಆ ಸದ್ದು ಈಗ ಕಡಿಮೆಯಾಗಿದ್ದರೆ ಕಡೆಗಣಿಸಬೇಡಿ.

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿಯಲ್ಲಿ ಭತ್ತದ ಗದ್ದೆಗಳಾದವು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ರಾಯಚೂರು ಮಾರುಕಟ್ಟೆಗೆ ಬರುವ ಭತ್ತ, ಹತ್ತಿ, ಮೆಣಸಿನಕಾಯಿ ಎಲ್ಲಕ್ಕೂ ಕೀಟನಾಶಕ ಸಿಂಪಡಿಸುತ್ತಾರೆ. ಅದನ್ನು ನಾವು 'ಎಣ್ಣೆ', 'ಔಷಧಿ' ಎನ್ನುತ್ತೇವೆ. ನಿಜವಾಗಿ ಅದು ವಿಷ.

ಈ ವಿಷ ಕಪ್ಪೆಗೇ ಮೊದಲು ತಟ್ಟುವುದೇಕೆ? ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ. ಗೊದಮೊಟ್ಟೆ ಗದ್ದೆಯ ನೀರಿನಲ್ಲೇ ವಾರಗಟ್ಟಲೆ ಬೆಳೆಯುತ್ತದೆ. ದೊಡ್ಡದಾದ ಮೇಲೂ ಕಪ್ಪೆ ತನ್ನ ತೆಳು ಚರ್ಮದಿಂದಲೇ ನೀರು ಹೀರುತ್ತದೆ, ಉಸಿರಾಡುತ್ತದೆ. ಅಮೆರಿಕದ ವಿಜ್ಞಾನಿ ಟೈರೋನ್ ಹೇಯ್ಸ್ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಟ್ರಜಿನ್ ಎಂಬ ಕಳೆನಾಶಕ ಅತ್ಯಲ್ಪವಾಗಿ ಬೆರೆತ ನೀರಿನಲ್ಲಿ ಬೆಳೆದ ಗಂಡು ಕಪ್ಪೆಗಳಲ್ಲಿ ಸುಮಾರು ಶೇ. 10ರಷ್ಟು ಹೆಣ್ಣಾಗಿ ಮಾರ್ಪಟ್ಟವು!

"ಕಪ್ಪೆಯದ್ದು ನಮಗೇಕೆ?" ಎನ್ನಬೇಡಿ. ಬೆಳೆಯ ಕೀಟಗಳನ್ನು ಕೂಲಿಯಿಲ್ಲದೆ ತಿಂದು ಮುಗಿಸುವುದು ಅದೇ. ಇನ್ನು, ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಸುತ್ತಲಿನ ಮನೆಗಳ ಮಕ್ಕಳನ್ನೂ ಬಿಡಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು 2011ರಲ್ಲಿ ತಡೆಯಿತು.

ಸಹೋದರಿಯರೇ, ಹೊಲದ ವಿಷ ಮನೆಗೂ ಬರುತ್ತದೆ. ಸಿಂಪಡಿಸಿ ಬಂದವರ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಸಬೇಡಿ. ಸಿಂಪಡಿಸುವ ಪಂಪನ್ನೂ ಖಾಲಿ ಡಬ್ಬಿಯನ್ನೂ ಕಾಲುವೆಯಲ್ಲಿ ತೊಳೆಯಲು ಬಿಡಬೇಡಿ. ಆ ಡಬ್ಬಿಯಲ್ಲಿ ನೀರು, ಕಾಳು ತುಂಬಿಡಬೇಡಿ. ಎಷ್ಟು ಹೊಡೆಯಬೇಕೆಂದು ಕೃಷಿ ಇಲಾಖೆಯವರನ್ನು ಕೇಳಲು ಮನೆಯವರಿಗೆ ಹೇಳಿ. ಗೊದಮೊಟ್ಟೆ ಬೆಳೆಯುವ ಕಾಲುವೆಯ ನೀರೇ ಎಷ್ಟೋ ಮನೆಗಳ ಕೊಡಕ್ಕೂ ಬರುತ್ತದೆ.