ಒಂದು ಶ್ರಾವಣದಷ್ಟು ಉದ್ದದ ಪುಸ್ತಕ

ಶ್ರಾವಣದ ಒಂದು ರಾತ್ರಿ ಸಿಂದಗಿ ಸೀಮೆಯ ಹಳ್ಳಿಯೊಂದರ ಮಠದ ಪಡಸಾಲೆಯಲ್ಲಿ ಕುಳಿತು ನಾನು ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದೆ. ಗವಾಯಿಗಳು ನೀರು ಕುಡಿಯಲು ನಿಲ್ಲಿಸಿದ್ದರು. ತಬಲಾದವರು ಸಣ್ಣ ಸುತ್ತಿಗೆಯಿಂದ ಟಕಟಕ ಎನ್ನಿಸುತ್ತಿದ್ದರು. ಹೊರಗೆ ಜಿಟಿಜಿಟಿ ಮಳೆ. ನಡೆಯುತ್ತಿದ್ದುದು ಚಾಮರಸನ ‘ಪ್ರಭುಲಿಂಗಲೀಲೆ’.

“ಎಷ್ಟ ದಿನ ನಡೀತೈತಿ ಆಯೀ?” ಎಂದು ಪಕ್ಕದಲ್ಲಿ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದ ಅಜ್ಜಿಯನ್ನು ಕೇಳಿದೆ.

“ಎಷ್ಟ ದಿನ ಅಂದ್ರ? ಪಾಡ್ಯಾಕ್ಕ ಹಚ್ಯಾರ, ಅಮಾಸಿಗೆ ಮಂಗಲ. ಕೂಡು ತಮ್ಮಾ, ಏನ್ ಅವಸರ?”

ಆಗ ತಲೆಯೊಳಗೆ ಏನೋ ಫಕ್ಕನೆ ಹೊತ್ತಿಕೊಂಡಿತು. ಪ್ರಭುಲಿಂಗಲೀಲೆಯಲ್ಲಿ ಇರುವುದು 25 ಗತಿ, 1111 ಪದ್ಯ. ಶ್ರಾವಣಕ್ಕೆ ಮೂವತ್ತು ರಾತ್ರಿ. ದಿನಕ್ಕೊಂದು ಗತಿ ಎಂದರೆ ಕಾವ್ಯ ಮುಗಿದು, ಊರಲ್ಲಿ ಯಾರಾದರೂ ತೀರಿಕೊಂಡ ದಿನಕ್ಕೆ, ಗವಾಯಿಗಳ ಗಂಟಲು ಕಟ್ಟಿದ ದಿನಕ್ಕೆಂದು ಐದು ರಾತ್ರಿ ಉಳಿಯುತ್ತವೆ! ಮನೆಗೆ ಬಂದು ಕುಮಾರವ್ಯಾಸನ ಭಾರತವನ್ನು ಎಳೆದೆ. ಹತ್ತು ಪರ್ವ, 152 ಸಂಧಿ. ದಿನಕ್ಕೆ ಐದು ಸಂಧಿ ಓದಿದರೆ ಮೂವತ್ತು ದಿನಕ್ಕೆ 150. ಉಳಿದದ್ದು ಎರಡೇ ಎರಡು! ಚಾಮರಸನಾಗಲಿ ಕುಮಾರವ್ಯಾಸನಾಗಲಿ ಪಂಚಾಂಗ ಮುಂದಿಟ್ಟುಕೊಂಡು ಬರೆದರೆಂದು ನಾನು ವಾದಿಸುವುದಿಲ್ಲ. ಆದರೆ ನಾನು ಇಪ್ಪತ್ತು ವರ್ಷ ಹೆದರಿ ಕಪಾಟಿನಲ್ಲೇ ಬಿಟ್ಟಿದ್ದ ದಪ್ಪ ಪುಸ್ತಕಗಳೆಲ್ಲ ಒಂದೊಂದು ತಿಂಗಳ ಅಳತೆಗೆ ಬಂದು ನಿಂತವಲ್ಲ, ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇನ್ನೊಂದು ಸಂಗತಿ ಆ ಅಜ್ಜಿಯ ಬಾಯಲ್ಲೇ ಇತ್ತು, ನನಗೆ ಬೆಳಗಿನ ಹೊತ್ತಿಗೆ ಹೊಳೆಯಿತು. ‘ಹಚ್ಯಾರ’ ಎಂದರು. ಈ ಕಡೆ ಪುರಾಣವನ್ನು ಓದುವುದಿಲ್ಲ, ಹಚ್ಚುತ್ತಾರೆ. ದೀಪ ಹಚ್ಚುತ್ತಾರೆ, ಸಸಿ ಹಚ್ಚುತ್ತಾರೆ, ಪುರಾಣ ಹಚ್ಚುತ್ತಾರೆ. ಹಚ್ಚಿದ ಮೇಲೆ ಅದು ತಾನೇ ಉರಿಯಬೇಕು, ತಾನೇ ಬೆಳೆಯಬೇಕು. ದಪ್ಪ ಪುಸ್ತಕದ ಮುಂದೆ ಕುಳಿತವನಿಗೆ ಇದಕ್ಕಿಂತ ಒಳ್ಳೆಯ ಕ್ರಿಯಾಪದ ಕನ್ನಡದಲ್ಲಿ ಇದೆಯೇ?

ಯಾಕೆ ಶ್ರಾವಣವೇ? ದೇವರ ತಿಂಗಳು ಎಂಬುದು ಸರಿ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆ ಹೊಲ ನೋಡಿದವರಿಗೆ ಇನ್ನೊಂದು ಕಾರಣವೂ ಕಾಣುತ್ತದೆ. ಇದು ಹಿಂಗಾರಿ ಸೀಮೆ. ಬಿಳಿ ಜೋಳ ಬಿತ್ತುವುದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಅದಕ್ಕೂ ಮೊದಲು ಮಳೆ ಹಿಡಿದ ಎರೆ ಭೂಮಿಗೆ ಕಾಲಿಟ್ಟರೆ ಮೊಣಕಾಲುಮಟ ಕೆಸರು, ಎತ್ತೂ ಇಳಿಯದು. ಹೊಲ ನೀರು ಕುಡಿಯುತ್ತ ಕೂತಿರುವಾಗ ಮನುಷ್ಯ ಏನು ಮಾಡಬೇಕು? ಕತೆ ಕುಡಿಯುತ್ತ ಕೂತ. ಈಗ ಎಲ್ಲೆಲ್ಲೂ ತೊಗರಿ ಬಂದು ಆ ಬಿಡುವು ಕಡಿಮೆಯಾಗಿದೆ, ನಿಜ. ಆದರೂ ಶ್ರಾವಣ ಬಂತೆಂದರೆ ಪುರಾಣ ಹಚ್ಚುವುದು ತಪ್ಪಿಲ್ಲ.

ಆ ವರ್ಷ ನಾನೂ ಒಂದು ಹಚ್ಚಿದೆ. ಗೂಳೂರು ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’. ಹೆಸರು ಕೇಳಿಯೇ ಓಡಿಹೋಗುವಂಥ ಪುಸ್ತಕ, ಅಲ್ಲವೇ? ನಾನೂ ಓಡಿದ್ದೆ. ತೆರೆದರೆ ಅದು ನಾಟಕ! ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಅಳುತ್ತ ಕೂತ ಮುಕ್ತಾಯಕ್ಕನ ಎದುರು ಅಲ್ಲಮ ಬಂದು ನಿಲ್ಲುತ್ತಾನೆ. ಸಮಾಧಾನ ಹೇಳುತ್ತಾನೆಂದು ನಾವು ಕಾದರೆ ವಾದಕ್ಕಿಳಿಯುತ್ತಾನೆ. ಆಕೆಯೂ ಬಿಡುವುದಿಲ್ಲ. ಮುಂದೆ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿರುವ ಸಿದ್ಧರಾಮನನ್ನು ಕೆಣಕುತ್ತಾನೆ. ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಮರಳಿಸಿ ಬಾ ಎಂದು ಕಳಿಸುತ್ತಾಳೆ. ಗೋರಕ್ಷನ ಮೈಗೆ ಖಡ್ಗ ತಾಗಿದರೆ ಖಣಿಲೆನ್ನುತ್ತದೆ, ಅಲ್ಲಮನ ಮೈಯಲ್ಲಿ ಅದೇ ಖಡ್ಗ ಗಾಳಿಯಲ್ಲಿ ಬೀಸಿದಂತೆ ಹಾದುಹೋಗುತ್ತದೆ.

ಬೆರಗು ಇಷ್ಟೇ ಅಲ್ಲ. ಈ ಮಾತುಗಳು ಪುಸ್ತಕ ಮಾಡಿದವರು ಬರೆದವಲ್ಲ! 12ನೆಯ ಶತಮಾನದ ಶರಣರು ಬೇರೆ ಬೇರೆ ಹೊತ್ತಿನಲ್ಲಿ ಹೇಳಿದ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಎಂಬಾತ ಹೆಕ್ಕಿ, ಒಂದಕ್ಕೊಂದು ಉತ್ತರವಾಗುವಂತೆ ಹೊಂದಿಸಿ, ನಡುವೆ ಎರಡೆರಡು ಸಾಲು ಗದ್ಯ ಹಾಕಿ ಹೊಲಿದ. ಆಮೇಲೆ ಗೂಳೂರರೂ ಸೇರಿ ಇನ್ನೂ ಮೂವರು ಬಂದು ಇದನ್ನು ಬಿಚ್ಚಿ ಮತ್ತೆ ಹೊಲಿದರು. ನಾಲ್ಕು ಜನ, ಒಂದೇ ಪುಸ್ತಕ, ನಾಲ್ಕು ಕೌದಿ. ಇಂಥದ್ದು ಜಗತ್ತಿನಲ್ಲಿ ಬೇರೆಲ್ಲಾದರೂ ಇದೆಯೋ ಎಂದು ನಾನು ಕಂಡವರನ್ನೆಲ್ಲ ಕೇಳುತ್ತ ತಿರುಗಿದೆ.

ಮತ್ತೆ, ಇದು ಯಾರದೋ ದೂರದವರ ಕತೆಯೂ ಅಲ್ಲ. ಇಂಡಿ ದಾಟಿ ಭೀಮೆ ದಾಟಿದರೆ ಸೊನ್ನಲಿಗೆ, ಅದೇ ಸೊಲ್ಲಾಪುರ. ಮಡಿವಾಳ ಮಾಚಯ್ಯನ ಊರು ದೇವರ ಹಿಪ್ಪರಗಿ, ಮೊನ್ನೆ ಮೊನ್ನೆಯವರೆಗೆ ಸಿಂದಗಿ ತಾಲೂಕು. ಬಸವಣ್ಣನ ಬಾಗೇವಾಡಿ ಅಲ್ಲೇ ಮಗ್ಗುಲಲ್ಲಿ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಗೆ, ನೀಲಮ್ಮನ ಗುಡಿ. ಗಂಡ ಬಸವಣ್ಣ ಕೂಡಲಸಂಗಮಕ್ಕೆ ಕರೆಸಿದರೂ ಹೋಗದೆ ಅಲ್ಲೇ ಐಕ್ಯಳಾದಳೆಂದು ಜನ ಹೇಳುತ್ತಾರೆ. ಪುಸ್ತಕದ ಪಾತ್ರಗಳ ಊರಿಗೆ ಕೆಂಪು ಬಸ್ಸು ಹತ್ತಿ ಹೋಗಿ ಬರಬಹುದು ಎಂದರೆ!

ಈ ಪುಸ್ತಕ ನಮ್ಮ ಕೈಗೆ ಬಂದ ಬಗೆಯೂ ಒಂದು ದೊಡ್ಡ ಕತೆ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮಠ ಮನೆ ಅಲೆದು ತಾಡೋಲೆ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಹೊರತಂದರು. 1925ರಲ್ಲಿ ‘ಹಿತಚಿಂತಕ’ ಎಂಬ ಸ್ವಂತ ಮುದ್ರಣಾಲಯ ತೆರೆದರು. ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಗೂಳೂರರ ಶೂನ್ಯಸಂಪಾದನೆ ಅವರ ಕೈಯಿಂದಲೇ 1930ರಲ್ಲಿ ಅಚ್ಚಾಯಿತು. ವಚನ ಕೂಡಿಸುವ ಆ ಕೆಲಸವನ್ನು ಕೊನೆ ಮುಟ್ಟಿಸಿದವರಲ್ಲಿ ಮುಂದೆ ನಿಲ್ಲುವವರು ಸಿಂದಗಿ ತಾಲೂಕಿನವರೇ ಆದ ಎಂ.ಎಂ. ಕಲಬುರ್ಗಿ. 1938ರಲ್ಲಿ ಗುಬ್ಬೇವಾಡದಲ್ಲಿ ಹುಟ್ಟಿದ ಈ ಮನುಷ್ಯ ಸರ್ಕಾರದ ‘ಸಮಗ್ರ ವಚನ ಸಂಪುಟ’ಗಳ ಪ್ರಧಾನ ಸಂಪಾದಕರಾಗಿದ್ದರು. ಒಟ್ಟು 15 ಸಂಪುಟ, ಹತ್ತಿರ ಹತ್ತಿರ ಇಪ್ಪತ್ತು ಸಾವಿರ ವಚನ. ದಿನಕ್ಕೆ ಇಪ್ಪತ್ತು ಓದಿದರೆ ಒಂದು ಸಾವಿರ ದಿನ, ಮೂರು ವರ್ಷವೂ ಬೇಡ! ಹದಿನೈದನೆಯದು ಪರಿಭಾಷಾ ಕೋಶ, ಅದನ್ನು ಓದಬೇಡಿ, ಮಗ್ಗುಲಲ್ಲಿ ಇಟ್ಟುಕೊಳ್ಳಿ. ಮೊದಲ ಸಲ ಕೈ ಹಾಕುವವರಿಗೆ ನನ್ನ ಮಾತು: ಒಂದನೆಯದನ್ನು ಬಿಟ್ಟು ಐದನೆಯದರಿಂದ, ಶಿವಶರಣೆಯರ ಸಂಪುಟದಿಂದ, ಹಚ್ಚಿರಿ. ಸೂಳೆ ಸಂಕವ್ವನಿಂದ ಅಕ್ಕಮಹಾದೇವಿಯವರೆಗೆ ಎಂಥೆಂಥ ದನಿಗಳು!

ಎಲ್ಲ ದಪ್ಪ ಪುಸ್ತಕವೂ ನಾವು ಕೊಟ್ಟ ಹೊತ್ತಿಗೆ ತಕ್ಕದ್ದಲ್ಲ ಬಿಡಿ. ಬಿ. ಪುಟ್ಟಸ್ವಾಮಯ್ಯನವರು ಬಸವಣ್ಣನ ಕಾಲದ ಮೇಲೆ ‘ಉದಯರವಿ’ಯಿಂದ ‘ಕ್ರಾಂತಿ ಕಲ್ಯಾಣ’ದವರೆಗೆ ಆರು ಕಾದಂಬರಿ ಬರೆದರು. ಕೊನೆಯದಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಡುವೆ ಒಂದೆರಡು ನನಗೆ ಜಗ್ಗಿದವು. ಆದರೆ ಬಾಗೇವಾಡಿಯ ಹುಡುಗ ಬಿಜ್ಜಳನ ಅರಮನೆ ಮುಟ್ಟುವ ದಾರಿಯಲ್ಲಿ ನಾನು ಊಟ ಮರೆತೆ. ರಾವ್ ಬಹದ್ದೂರರ ‘ಗ್ರಾಮಾಯಣ’ (1957) ಹಾಗಲ್ಲ, ಅದರಲ್ಲಿ ಒಂದು ಇಡೀ ಊರೇ ನಾಯಕ. ನಮ್ಮ ಕೃಷ್ಣಾ ಸೀಮೆಯ ಮಾತು, ಬೈಗುಳ, ಹಟ ಎಲ್ಲ ಹಸಿಹಸಿಯಾಗಿ ಇದೆ. ಇದನ್ನು ಮನಸ್ಸಿನಲ್ಲಿ ಓದಬೇಡಿ, ಗಟ್ಟಿಯಾಗಿ ಓದಿ, ಅದೂ ಇನ್ನೊಬ್ಬರಿಗೆ.

ಗಟ್ಟಿಯಾಗಿ ಎಂದೆ. ಅಲ್ಲೇ ಹಲಸಂಗಿ ನೆನಪಾಯಿತು.

ಅಂದಿನ ಇಂಡಿ ತಾಲೂಕಿನ ಆ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಬೀಸುವ ಹೆಂಗಸರ ಹಾಡು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಪುಸ್ತಕ ತೆಳುವು. ಹಾಗಾದರೆ ದಪ್ಪ ಪುಸ್ತಕಗಳ ಸಾಲಿನಲ್ಲಿ ಅದಕ್ಕೇನು ಕೆಲಸ? ಯೋಚಿಸಿ ನೋಡಿ: ಮೂರು ಸಾಲಿನ ತ್ರಿಪದಿ, ಒಂದು ಮುಗಿದಲ್ಲಿ ಇನ್ನೊಂದು. ನಸುಕಿನ ನಾಲ್ಕಕ್ಕೆ ಎದ್ದು ಜೋಳ ಬೀಸಲು ಕೂತವಳು ಹಿಟ್ಟು ಸಾಕಾಗುವತನಕ ಹಾಡಬೇಕು, ನಾಳೆ ಮತ್ತೆ ಹಾಡಬೇಕು. ತವರು, ತೊಟ್ಟಿಲು, ಮಳೆ, ಗಂಡ, ಗೆಳತಿ, ಸಾವು. ಅಕ್ಷರ ಬಾರದ ಹೆಂಗಸರು ಕಾಗದವಿಲ್ಲದೆ ತಲೆಯಲ್ಲೇ ಹೊತ್ತು, ಮಗಳಿಗೆ ಸೊಸೆಗೆ ದಾಟಿಸಿದ ಗ್ರಂಥ ಅದು. ಅದಕ್ಕೆ ಕೊನೆಯ ಪುಟವೇ ಇರಲಿಲ್ಲ! ಗೆಳೆಯರಿಗೆ ಸಿಕ್ಕದ್ದು ನಡುವಿನ ಕೆಲವು ಹಾಳೆ ಮಾತ್ರ. ಹಿಟ್ಟಿನ ಗಿರಣಿ ಬಂದ ಮೇಲೆ ಉಳಿದದ್ದು ಎಲ್ಲಿ ಹೋಯಿತು?

ಅಮಾವಾಸ್ಯೆಗೆ ಮತ್ತೆ ಆ ಹಳ್ಳಿಗೆ ಹೋದೆ. ಪಲ್ಲಕ್ಕಿ, ಹಲಗೆ, ಹುಗ್ಗಿ, ಮಂಗಲ. ಅಜ್ಜಿ ಅದೇ ಕಂಬಕ್ಕೆ ಒರಗಿ ಕೂತಿದ್ದರು. ನಾನು ಉತ್ಸಾಹ ತಡೆಯಲಾರದೆ ಶೂನ್ಯಸಂಪಾದನೆ ಮುಗಿಸಿದೆ ಎಂದೆ, ಇಪ್ಪತ್ತೊಂಬತ್ತು ದಿನಕ್ಕೆ ಎಂದೆ.

“ಒಬ್ಬನೇ ಓದಿದೇನು?”

“ಹೂಂ ಆಯಿ.”

ಆಕೆ ನನ್ನನ್ನು ಒಂದು ಕ್ಷಣ ಮರುಕದಿಂದ ನೋಡಿದರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ, “ಹಂಗಾರ ಮುಂದಿನ ಶ್ರಾವಣಕ್ಕ ಇಲ್ಲೇ ತಾ. ನೀ ಓದು, ನಾವ್ ಕೇಳ್ತೀವಿ” ಎಂದರು.