ಗ್ರಾನಡಾದ ಕೆಂಪು ಕೋಟೆ

ದಿಲ್ಲಿಯ ಕೆಂಪು ಕೋಟೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅದಕ್ಕಿಂತ ನಾಲ್ಕು ಶತಮಾನಗಳಷ್ಟು ಹಳೆಯದಾದ ಮತ್ತೊಂದು ಕೆಂಪು ಕೋಟೆ ಸ್ಪೇಯಿನ್ ದೇಶದ ದಕ್ಷಿಣದಲ್ಲಿ, ಗ್ರಾನಡಾ ನಗರದ ಗುಡ್ಡದ ಮೇಲಿದೆ. ಅಲ್‌ಹಂಬ್ರಾ ಎಂಬ ಅದರ ಹೆಸರಿಗೆ ಅರಬ್ಬೀ ಭಾಷೆಯಲ್ಲಿ ‘ಕೆಂಪಾದುದು’ ಎಂದೇ ಅರ್ಥ. ಅದನ್ನು ಕಣ್ಣಾರೆ ಕಾಣುವ ಯೋಗ ನಮಗೆ ಒದಗಿತು.

ಒಳಗಿನ ಅರಮನೆಗಳನ್ನು ಪ್ರವೇಶಿಸುವ ವೇಳೆಯನ್ನು ಟಿಕೆಟ್ಟಿನ ಮೇಲೆಯೇ ಮುದ್ರಿಸಿರುತ್ತಾರೆ. ಆ ವೇಳೆ ತಪ್ಪಿದವನಿಗೆ ಪ್ರವೇಶವಿಲ್ಲ. ಆದುದರಿಂದ ನಾವು ಮುಂಚಿತವಾಗಿಯೇ ಹೋಗಿ, ವಯಸ್ಸಾದ ಮಾರ್ಗದರ್ಶಿಯೊಬ್ಬರ ಸುತ್ತ ನೆರೆದ ಗುಂಪಿನಲ್ಲಿ ಸೇರಿಕೊಂಡೆವು.

ಐರೋಪ್ಯರು ‘ಮೂರ್’ ಎಂದು ಕರೆದ ಮುಸಲ್ಮಾನರ ಪೈಕಿ ನಸರೀ ವಂಶದ ಮೊದಲನೆಯ ಮುಹಮ್ಮದನು 1238ರಲ್ಲಿ ಈ ಗುಡ್ಡದ ಮೇಲೆ ಕೋಟೆಯ ಕೆಲಸವನ್ನು ಆರಂಭಿಸಿದನು. ಇಂದು ಜನರು ಬೆರಗಾಗಿ ನೋಡುವ ಅರಮನೆಗಳು ಬಹುಮಟ್ಟಿಗೆ 14ನೆಯ ಶತಮಾನದಲ್ಲಿ ಮೊದಲನೆಯ ಯೂಸುಫ್ ಮತ್ತು ಆತನ ಮಗ ಐದನೆಯ ಮುಹಮ್ಮದರ ಕಾಲದವು. ಗೋಡೆಗಳ ವೈಭವವೆಲ್ಲ ಚಿನ್ನವೂ ಅಲ್ಲ, ರತ್ನವೂ ಅಲ್ಲ. ಗಾರೆ, ಮರ, ಬಣ್ಣದ ಬಿಲ್ಲೆಗಳು ಮಾತ್ರ. ಅಗ್ಗದ ವಸ್ತುವಿನಿಂದ ಇಂಥ ಅದ್ಭುತವನ್ನು ಮಾಡಿದ್ದು ಕೆಲಸಗಾರನ ಕೈ. ರಾಯಭಾರಿಗಳ ಸಭಾಮಂದಿರದ ಮಾಳಿಗೆಯೊಂದನ್ನೇ ಸುಮಾರು 8 ಸಾವಿರ ಮರದ ತುಂಡುಗಳನ್ನು ಜೋಡಿಸಿ ಏಳು ಸ್ವರ್ಗಗಳ ರೂಪದಲ್ಲಿ ರಚಿಸಿದ್ದಾರೆ. ‘ದೇವರ ಹೊರತು ವಿಜಯಿ ಬೇರಿಲ್ಲ’ ಎಂಬ ವಂಶದ ಧ್ಯೇಯವಾಕ್ಯವು ಗೋಡೆಗೋಡೆಯಲ್ಲಿಯೂ ಮತ್ತೆ ಮತ್ತೆ ಕಾಣಿಸುತ್ತದೆ. ಅದನ್ನು ಕೆತ್ತಿದವರ ಹೆಸರು ಮಾತ್ರ ಎಲ್ಲಿಯೂ ಕಾಣಿಸದು.

ಸಿಂಹಗಳ ಅಂಗಳದಲ್ಲಿ 12 ಅಮೃತಶಿಲೆಯ ಸಿಂಹಗಳು ಕಾರಂಜಿಯ ಬೋಗುಣಿಯನ್ನು ಬೆನ್ನ ಮೇಲೆ ಹೊತ್ತು ನಿಂತಿವೆ. ನಾಲ್ಕು ದಿಕ್ಕುಗಳಲ್ಲಿಯೂ ಕಿರುಗಾಲುವೆಗಳಿವೆ. “ಈ ನೀರು ಎಲ್ಲಿಂದ ಬರುತ್ತದೆ?” ಎಂದು ನಾವು ಕೇಳಿದೆವು. ಸುಮಾರು 6 ಕಿಲೋಮೀಟರು ಮೇಲೆ ದಾರೋ ನದಿಗೆ ಒಡ್ಡು ಕಟ್ಟಿ, ಗುಡ್ಡದ ಓರೆಯಲ್ಲಿ ಕಾಲುವೆ ತೋಡಿ, ಯಾವ ಯಂತ್ರದ ಸಹಾಯವೂ ಇಲ್ಲದೆ ಕೇವಲ ಇಳಿಜಾರಿನ ಬಲದಿಂದ ತಂದರೆಂದು ಅವರು ವಿವರಿಸಿದರು. ಆ ಕಾಲುವೆ ಇಲ್ಲದಿದ್ದರೆ ಒಣಗಿದ ಈ ಗುಡ್ಡದ ಮೇಲೆ ಅರಮನೆಯೂ ಇಲ್ಲ, ಉದ್ಯಾನವೂ ಇಲ್ಲ.

“ತಾವು ಯಾವ ಸೀಮೆಯವರು?” ಎಂದು ಅವರು ನಮ್ಮನ್ನು ಕೇಳಿದರು. ಭಾರತದ ಪಡುವಣ ಕರಾವಳಿಯವರೆಂದೆವು. “ಹಾಗಾದರೆ ಇಬ್ನ್ ಬತೂತನು ತಮ್ಮ ಊರನ್ನೂ ನೋಡಿರಬೇಕು” ಎಂದು ನಕ್ಕರು. ಮಾತು ಸತ್ಯ. ಆ ಮಹಾಸಂಚಾರಿಯು 1340ರ ದಶಕದಲ್ಲಿ ನಮ್ಮ ಹೊನ್ನಾವರ, ಮಂಗಳೂರುಗಳಿಗೆ ಬಂದಿದ್ದನು. ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಪಾಠಶಾಲೆಗಳನ್ನು ಕಂಡೆನೆಂದು ಹೇಳಿದ್ದಾನೆ. ಆತನೇ 1350ರಲ್ಲಿ ಗ್ರಾನಡಾಕ್ಕೂ ಬಂದನು. ದೊರೆ ಯೂಸುಫನು ಅಸ್ವಸ್ಥನಾಗಿದ್ದುದರಿಂದ ಭೇಟಿಯಾಗಲಿಲ್ಲ. ಆದರೆ ಅಲ್ಲಿನ ತೋಟವೊಂದರಲ್ಲಿ ಆತನ ಅನುಭವಗಳನ್ನು ಆಲಿಸಿದ ಇಬ್ನ್ ಜುಝೈ ಎಂಬ ಯುವ ಪಂಡಿತನೇ ಮುಂದೆ ಆ ಪ್ರವಾಸಕಥನವನ್ನು ಬರೆದುಕೊಂಡನು. ಸಾವಿರಾರು ಮೈಲಿ ದೂರದ ಆ ಅಂಗಳದಲ್ಲಿ ಹೊನ್ನಾವರದ ಹೆಸರು ಬಂದಾಗ ನಮಗಾದ ಸಂತೋಷವನ್ನು ಊರು ಬಿಟ್ಟು ದುಡಿಯುವ ವಾಚಕರು ಬಲ್ಲರು.

ಮುಂದಿನ ಕಥೆಯನ್ನು ಮಾರ್ಗದರ್ಶಿಯವರು ಮೆಲುದನಿಯಲ್ಲಿ ಹೇಳಿದರು. 1492ರ ಜನವರಿ 2ರಂದು ಕೊನೆಯ ದೊರೆ ಬೊಅಬ್ದಿಲನು ಕೋಟೆಯನ್ನು ಫರ್ಡಿನಾಂಡ್ ಮತ್ತು ಇಸಬೆಲ್ಲಾ ದಂಪತಿಗಳಿಗೆ ಒಪ್ಪಿಸಿದನು. ಪ್ರಜೆಗಳ ಧರ್ಮಕ್ಕೆ, ಆಸ್ತಿಗೆ ಅಪಾಯವಿಲ್ಲವೆಂದು ಒಪ್ಪಂದವಾಗಿದ್ದಿತು. ಹತ್ತು ವರ್ಷಗಳೊಳಗೆ ಆ ವಚನ ಮುರಿಯಿತು. ಒಂದೋ ಮತಾಂತರ, ಇಲ್ಲವೇ ದೇಶತ್ಯಾಗ. ಮತಾಂತರಗೊಂಡವರ ಸಂತತಿಯನ್ನೂ 1609ರಿಂದ 1614ರ ವರೆಗೆ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹೊರದೂಡಲಾಯಿತು. ತಲೆತಲಾಂತರದಿಂದ ಆ ನೆಲದಲ್ಲಿಯೇ ಹುಟ್ಟಿ ಬೆಳೆದವರು ಒಂದು ಆಜ್ಞೆಯಿಂದ ಪರಕೀಯರಾದರು. ಹೊಟ್ಟೆಪಾಡಿಗಾಗಿ ಪರಸ್ಥಳ ಸೇರಿದ ನಮಗೆ ವರ್ಷಕ್ಕೊಮ್ಮೆಯಾದರೂ ಊರಿನ ಬಸ್ಸು ಹತ್ತುವ ಆಸೆ ಉಳಿದಿದೆ. ಅವರಿಗೆ ಅದೂ ಉಳಿಯಲಿಲ್ಲ.

ಕಡೆಯಲ್ಲಿ ಹೆನೆರಲೀಫೆ ಎಂಬ ಮೇಲಿನ ಉದ್ಯಾನಕ್ಕೆ ಹೋದೆವು. ಅಲ್ಲಿನ ಒಂದು ಮೆಟ್ಟಲ ಸಾಲಿನ ಇಕ್ಕೆಲದ ಕೈಪಿಡಿಗಳೇ ಕಾಲುವೆಗಳು. ಹತ್ತುವವನ ಬೆರಳ ಕೆಳಗೇ ತಣ್ಣನೆಯ ನೀರು ಹರಿಯುತ್ತದೆ. ಮುಂಬಯಿಯ ಚಾಳಿನಲ್ಲಿ ಬೆಳಗಿನ ಜಾವ ನಲ್ಲಿಯ ಮುಂದೆ ಕೊಡವಿಟ್ಟು ಕಾದವರು ಅದನ್ನು ಮುಟ್ಟದೆ ಮುಂದೆ ಹೋಗಲಾರರು. ನಾವೂ ಮುಟ್ಟಿದೆವು. ದೊರೆಗಳು ಹೋದರು, ಪ್ರಜೆಗಳನ್ನು ಅಟ್ಟಲಾಯಿತು. ಹೆಸರಿಲ್ಲದ ಕೂಲಿಗಳು ತೋಡಿದ ಕಾಲುವೆಯ ನೀರು ಮಾತ್ರ ಇಂದಿಗೂ ಹರಿಯುತ್ತಲೇ ಇದೆ.