ಉಂಡ ಮೇಲಿನ ತೂಕಡಿಕೆ ಹೊಟ್ಟೆಯ ತಪ್ಪೇ?

ಪ್ರಶ್ನೆ: ಊಟವಾದ ಮೇಲೆ ಮಿದುಳಿನ ರಕ್ತ ಹೊಟ್ಟೆಗೆ ಇಳಿಯುವುದರಿಂದ ನಿದ್ದೆ ಬರುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಉಂಡ ಮೇಲೆ ಕರುಳಿನ ರಕ್ತನಾಳಗಳು ಹಿಗ್ಗುತ್ತವೆ, ಅಲ್ಲಿ ಹರಿಯುವ ರಕ್ತ ಕೆಲಹೊತ್ತು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ಅದನ್ನು ಮಿದುಳಿನಿಂದ ಕಸಿಯಬೇಕಾಗಿಲ್ಲ. ಹೃದಯವೇ ತುಸು ಹೆಚ್ಚು ರಕ್ತ ದೂಡುತ್ತದೆ. ಮಿದುಳಂತೂ ರಕ್ತದೊತ್ತಡ ಸ್ವಲ್ಪ ಏರಿಳಿದರೂ ತನ್ನ ನಾಳಗಳನ್ನು ಹಿಗ್ಗಿಸಿ ಕುಗ್ಗಿಸಿ, ನಿಮಿಷಕ್ಕೆ ಸುಮಾರು 750 ಮಿಲಿಲೀಟರಿನ ತನ್ನ ಪಾಲನ್ನು ಕಾಯ್ದುಕೊಳ್ಳುತ್ತದೆ. ಓಟಗಾರರನ್ನೇ ನೋಡಿ: ಅವರ ಸ್ನಾಯುಗಳು ಪಡೆಯುವ ರಕ್ತದ ಮುಂದೆ ಕರುಳಿನದು ಏನೇನೂ ಅಲ್ಲ. ಹಾಗೆಂದು ಓಡುತ್ತ ತೂಕಡಿಸಿದವರುಂಟೇ?

ವಯಸ್ಸಾದ ಕೆಲವರಿಗೆ ಉಂಡು ಎದ್ದರೆ ತಲೆ ಸುತ್ತುತ್ತದಲ್ಲ ಎಂದು ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಕರುಳಿನತ್ತ ರಕ್ತ ಸರಿದಾಗ ಅವರ ಉಳಿದ ನಾಳಗಳು ಸಾಕಷ್ಟು ಬಿಗಿಯುವುದಿಲ್ಲ, ಒತ್ತಡ ಕುಸಿಯುತ್ತದೆ. ಅದು ಹೊಂದಾಣಿಕೆ ತಪ್ಪಿದ ಸ್ಥಿತಿ, ವೈದ್ಯರಿಗೆ ತೋರಿಸಬೇಕಾದದ್ದು. ನಮ್ಮ ನಿಮ್ಮ ಮಧ್ಯಾಹ್ನದ ಜೊಂಪಲ್ಲ. ಈ ಜೊಂಪಿನ ಹಿಂದೆ ದೇಹದ ಗಡಿಯಾರವಿದೆ: ಊಟ ಬಿಟ್ಟವರಲ್ಲೂ ಆ ಹೊತ್ತಿಗೆ ಎಚ್ಚರ ಇಳಿಯುತ್ತದೆ. ಭಾರಿ ಊಟ ಅದನ್ನು ಇನ್ನಷ್ಟು ಹೆಚ್ಚಿಸಬಲ್ಲದು. ಅದಕ್ಕೆ ಕರುಳಿನ ಹಾರ್ಮೋನುಗಳೂ ನರಗಳೂ ಮಿದುಳಿಗೆ ಕಳಿಸುವ ಸಂಕೇತಗಳ ಮೇಲೆಯೇ ಸಂಶೋಧಕರ ಗುಮಾನಿ.